ದ್ರಾವಿಡ್ ಥರ ಡಿಫೆನ್ಸ್ ಕಲಿಯೋದು ಹೇಗೆ? ಮಳೆಗಾಲದಲ್ಲಿ ಜಗಲಿ ಮೇಲೇ ಶುರು ಮಾಡಿ

ಶಿರಸಿ ಕಡೆ ಜೂನ್ ಬಂತು ಅಂದ್ರೆ ಗ್ರೌಂಡೆಲ್ಲ ಕೆಸರು, ಹುಡುಗ್ರು ಬ್ಯಾಟ್ ಮೂಲೆಗಿಟ್ಟು ಮೊಬೈಲ್ ಹಿಡ್ಕೊಂಡು ಕೂತ್ಬಿಡ್ತಾರೆ. ಆದ್ರೆ ಡಿಫೆನ್ಸ್ ಕಲಿಯೋಕೆ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ, ಯಾಕಂದ್ರೆ ಜಗಲಿ ಮೇಲೆ ಜೋರಾಗಿ ಹೊಡೆಯೋ ಹಾಗೇ ಇಲ್ವಲ್ಲ, ಹಂಚು ಒಡಿಯತ್ತೆ. ದ್ರಾವಿಡ್ 164 ಟೆಸ್ಟಲ್ಲಿ 31,258 ಬಾಲ್ ಫೇಸ್ ಮಾಡಿದ್ರು, 13,288 ರನ್, 36 ಸೆಂಚುರಿ. ಅಷ್ಟು ಬಾಲ್ ಬೇರೆ ಯಾರೂ ಆಡಿಲ್ಲ.

ಮೊದ್ಲು ಕೈ. ರೈಟ್ ಹ್ಯಾಂಡ್ ಆದ್ರೆ ಮೇಲಿರೋ ಎಡಗೈ ಬಿಗಿ ಇರ್ಲಿ, ಕೆಳಗಿನ ಬಲಗೈ ಹೆಬ್ಬೆರಳು ಮತ್ತೆರಡು ಬೆರಳಲ್ಲಿ ಸುಮ್ನೆ ಹಿಡ್ಕೊಂಡಿರ್ಬೇಕು ಅಷ್ಟೇ. ಬಾಲ್ ಬಂದು ಬ್ಯಾಟಿಗೆ ತಾಗ್ಬೇಕು, ಬ್ಯಾಟ್ ಹೋಗಿ ಬಾಲಿಗೆ ಗುದ್ದಬಾರ್ದು. ಕೈ ಮೆತ್ತಗಿದ್ರೆ ಬ್ಯಾಟಿನ ಅಂಚಿಗೆ ತಾಗಿ ಎಡ್ಜ್ ಆದ್ರೂ ಎಷ್ಟೋ ಸಲ ಹಿಂದಿರೋ ಸ್ಲಿಪ್ ಫೀಲ್ಡರ್ ತನಕ ಹೋಗದೆ ಮುಂದೇ ಬೀಳತ್ತೆ. ನಮ್ಮನೆ ತಮ್ಮನ ಮಗನಿಗೆ ದಿನಾ ಇದೊಂದೇ ಮಾತು, "ತಮಾ, ಗಟ್ಟಿ ಹಿಡ್ಕಳಡ, ಬಾಲ್ ನಿನ್ ಹತ್ರನೇ ಬತ್ತು."

ಹಳೇ ಸಾಕ್ಸಲ್ಲಿ ಟೆನ್ನಿಸ್ ಬಾಲ್ ಹಾಕಿ ಜಂತೆಗೆ ಕಟ್ಟಿ, ಮೊಣಕಾಲಿನ ಎತ್ತರಕ್ಕೆ ಬರೋ ಹಾಗೆ. ತಲೆ ಬಾಲಿನ ಮೇಲೇ ಬರ್ಬೇಕು, ಎಡ ಮೊಣಕೈ ಮೇಲೆ, ಬ್ಯಾಟ್ ಪ್ಯಾಡಿನ ಪಕ್ಕದಲ್ಲೇ, ಆಡೋದು ಕಣ್ಣಿನ ಕೆಳಗೆ, ಲೇಟಾಗಿ. ತಾಗಿದ್ಮೇಲೆ ಬಾಲ್ ಸ್ವಲ್ಪ ಅಲ್ಲಾಡಿ ನಿಂತ್ರೆ ಸರಿ, ಜಂತೆ ತನಕ ಹಾರಿದ್ರೆ ಕೈ ಇನ್ನೂ ಬಿಗಿ ಇದೆ ಅಂತ.

ಇದಾದ್ಮೇಲೆ ಅಡಿಕೆ ಹಾಳೆ ಡ್ರಿಲ್, ನಂಗೆ ತುಂಬಾ ಇಷ್ಟ ಇದು. ಕಾಲಿನ ಮುಂದೆ ಎರಡು ದೊಡ್ಡ ಹಾಳೆ ಹಾಸಿ, ಹತ್ತು ಹೆಜ್ಜೆ ದೂರದಿಂದ ಯಾರಾದ್ರೂ ಕೈಯಲ್ಲಿ ಬಾಲ್ ಎಸೀಲಿ, ಡಿಫೆಂಡ್ ಮಾಡಿದ್ದು ಹಾಳೆ ಮೇಲೇ ಬಿದ್ರೆ ಒಂದು ಪಾಯಿಂಟ್, ಬಿದ್ದಿದ್ದು ನೋಡೋದೇ ಬೇಡ, ಟಪ್ ಅಂತ ಸೌಂಡ್ ಬರತ್ತೆ. 20ಕ್ಕೆ 15 ಬರೋ ತನಕ ಬೇರೆ ಶಾಟ್ ಬೇಡ.

ಬೇಜಾರಾಗತ್ತೆ, ಗೊತ್ತು. 2008ರ ಸಿಡ್ನಿ ಟೆಸ್ಟಲ್ಲಿ ದ್ರಾವಿಡ್ 18 ರನ್ನಲ್ಲೇ 40 ಬಾಲ್ ನಿಂತ್ಬಿಟ್ಟಿದ್ರು, ಕೊನೆಗೆ ಸಿಂಗಲ್ ತಗೊಂಡಾಗ ಇಡೀ ಸ್ಟೇಡಿಯಂ ಚಪ್ಪಾಳೆ ಹೊಡೀತು, ಅವ್ರೂ ಬ್ಯಾಟ್ ಎತ್ತಿ ತೋರಿಸಿದ್ರು. ಆ ಸೀನ್ ಮಕ್ಕಳಿಗೆ ತೋರಿಸಿ.

ಬಾಲ್ ಬಿಡೋದೂ ಕಲಿಸ್ಲೇಬೇಕು. ಆಫ್ ಸ್ಟಂಪ್ ಎಲ್ಲಿದೆ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ, ಗೆರೆ ಆಚೆ ಬಂದಿದ್ದಕ್ಕೆ ಬ್ಯಾಟ್ ಹಾಕಿದ್ರೆ ಔಟ್. 2002ರಲ್ಲಿ ಇಂಗ್ಲೆಂಡಿನ ಹೆಡಿಂಗ್ಲೆ ಗ್ರೌಂಡಲ್ಲಿ ಮೋಡ ಮುಚ್ಚಿ ಬಾಲ್ ಆ ಪರಿ ಸ್ವಿಂಗ್ ಆಗ್ತಿದ್ದಾಗ ದ್ರಾವಿಡ್ 148 ಹೊಡೆದಿದ್ದು ಹೀಗೆ ಬಿಡೋದನ್ನ ಬಿಟ್ಟು, ಆಡೋದನ್ನ ಆಡಿ, ಆ ಮ್ಯಾಚ್ ನಾವು ಇನ್ನಿಂಗ್ಸಿಂದ ಗೆದ್ವಿ.

ಮಳೆ ನಿಂತ್ಮೇಲೆ ಒಂದ್ಸಲ ಕಾರವಾರಕ್ಕೆ ಕರ್ಕೊಂಡ್ ಹೋಗಿ. ಠಾಗೋರ್ ಬೀಚಲ್ಲಿ ನೀರು ಇಳಿದಾಗ ಹಸಿ ಮರಳು ಗಟ್ಟಿಯಾಗಿರತ್ತೆ, ಟೆನ್ನಿಸ್ ಬಾಲ್ ಜಾರ್ಕೊಂಡು ತಗ್ಗಲ್ಲೇ ಬರತ್ತೆ, ಮಂಡಿ ಬಗ್ಗಿಸ್ದೆ ಆಡೋಕೇ ಆಗಲ್ಲ. ಸಂಜೆ ಜನ ಜಾಸ್ತಿ, ಬೆಳಿಗ್ಗೆನೇ ಹೋಗಿ. ಹಾಳೆ ತಗೊಂಡ್ ಹೋಗೋದು ಮರೀಬೇಡಿ.