ನಾಲ್ಕನೇ ಬೇಸಿಗೆಗೆ ನಿಂತ ಕ್ಯಾಂಪಿನ ಈಜುಕೊಳ: ನನ್ನ ಅನುಭವ

ನಮ್ಮ ಕಾಫಿ ತೋಟದ ಟೆಂಟ್ ಕ್ಯಾಂಪಿನಲ್ಲಿ ಪೈಪಿನ ಫ್ರೇಮಿಗೆ ಪ್ಲಾಸ್ಟಿಕ್ ಸಿಕ್ಕಿಸಿ ನೆಲದ ಮೇಲೆ ನಿಲ್ಲಿಸುವ ಪೂಲ್ ಇದೆ. ಈ ಸಲ ಮೇ ಎರಡನೇ ವಾರದಲ್ಲಿ ಅದನ್ನು ಬಿಚ್ಚಿ ಮಡಚಿಟ್ಟೆವು. ಜನವರಿ ಕೊನೆಗೆ ತುಂಬಿಸಿದ ನೀರು, ಹೆಚ್ಚುಕಡಿಮೆ ನೂರು ದಿನ ಅದೇ ನೀರು. ನಡುವೆ ಒಮ್ಮೆಯೂ ಖಾಲಿ ಮಾಡಲಿಲ್ಲ, ಹಸಿರಾಗಲಿಲ್ಲ, ಫ್ರೇಮಿನ ಒಂದು ಕಾಲೂ ವಾಲಲಿಲ್ಲ. "ಕೊಡಗಿನ ಗುಡ್ಡದಲ್ಲಿ ಇದೆಲ್ಲ ನಿಲ್ಲೋದಲ್ಲ ಮಾರಾಯ" ಅಂದವರು ಒಬ್ಬಿಬ್ಬರಲ್ಲ. ದೊಡ್ಡಪ್ಪ ಅಂದರು, ಪಕ್ಕದ ತೋಟದವರು ಅಂದರು, ಪೂಲ್ ಮಾರಿದ ಅಂಗಡಿಯವನೂ ದುಡ್ಡು ಎಣಿಸಿಕೊಂಡ ಮೇಲೆ ಅದನ್ನೇ ಅಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ಕಡೆ, ಹನ್ನೊಂದು ಎಕರೆ. ಹೆಚ್ಚಿನದು ರೋಬಸ್ಟಾ ಕಾಫಿ, ಮೇಲಿನ ಮೂಲೆಯಲ್ಲಿ ಸ್ವಲ್ಪ ಅರೇಬಿಕಾ. ಅತಿಥಿಗಳಿಗೆ ಆರು ಟೆಂಟ್ ಹಾಕಿದ್ದೇವೆ. ಫೆಬ್ರವರಿ ಬಂತೆಂದರೆ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ನೀರು ಪಾದ ಮುಳುಗುವಷ್ಟೂ ಇರುವುದಿಲ್ಲ, ಮಕ್ಕಳನ್ನು ಕರೆದುಕೊಂಡು ಬಂದವರು ಮಧ್ಯಾಹ್ನ ಕೈಕಟ್ಟಿ ಕೂರಬೇಕು. ಸಿಮೆಂಟಿನ ಪೂಲಿಗೆ ಎಂಟರಿಂದ ಹತ್ತು ಲಕ್ಷ ಹೇಳಿದರು, ಜೊತೆಗೆ ಜೆಸಿಬಿ ತಂದು ಇಳಿಜಾರು ಕಡಿಯಬೇಕು. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಲಿನ ಗುಡ್ಡಗಳು ಹೇಗೆ ಇಳಿದು ಬಂದವು ಎಂದು ಕಣ್ಣಾರೆ ಕಂಡವನು ನಾನು. ಗುಡ್ಡ ಕಡಿಯುವ ಮಾತು ಅಲ್ಲಿಗೇ ಬಿಟ್ಟೆ. ಮಳೆಗೆ ಮುಂಚೆ ಎತ್ತಿಡುವ ಪೂಲೇ ಸರಿ ಅನಿಸಿತು.

ಜೋಡಿಸುವುದು ಹೇಗೆ ಎಂದು ಟೆಂಟ್ ನಡೆಸುವವರಿಗೆ ಹೇಳಬೇಕಿಲ್ಲ. ಪೈಪು ಸಿಕ್ಕಿಸಿ ಪಿನ್ ಹಾಕಿದರೆ ಆಯಿತು, ಮೂವರಿದ್ದರೆ ಒಂದೂವರೆ ಗಂಟೆಯ ಕೆಲಸ. ನನ್ನ ಹಣ ಹೋದದ್ದು ಅದರಲ್ಲಿ ಅಲ್ಲ, ನೆಲದಲ್ಲಿ.

ಮೊದಲನೇ ವರ್ಷ ಗದ್ದೆಯಲ್ಲಿ ಇಟ್ಟೆ. ಕೊಯ್ಲು ಮುಗಿದು ಗದ್ದೆ ಖಾಲಿ ಬಿದ್ದಿತ್ತು. ಇಡೀ ತೋಟದಲ್ಲಿ ಅಷ್ಟು ಸಮತಟ್ಟಾದ ಜಾಗ ಇನ್ನೊಂದಿಲ್ಲ. ಹತ್ತು ಅಡಿಯ ಗಾಳಿ ಬಳೆಯ ಪೂಲ್ (ಮೇಲಂಚಿನ ಬಳೆಗೆ ಗಾಳಿ ತುಂಬಿಸುವಂಥದ್ದು), ಒಂಬತ್ತೂವರೆ ಸಾವಿರ ಕೊಟ್ಟ ನೆನಪು, ನಾಲ್ಕು ಸಾವಿರ ಲೀಟರಿಗಿಂತ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಕೊಯ್ದ ಭತ್ತದ ಕೂಳೆ ಕೆತ್ತಿ ತೆಗೆದೆವು, ಎರಡು ಟಾರ್ಪಾಲ್ ಹಾಸಿದೆವು. ಏಡಿ ಬಿಲಗಳ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು ಗಟ್ಟಿ ಕಾಣುತ್ತದೆ, ಒಂದಡಿ ಕೆಳಗೆ ಇನ್ನೂ ಮೆತ್ತಗೆ, ಅದರಲ್ಲಿ ಬಿಲ. ಮೂರನೇ ರಾತ್ರಿ ತೋಡಿನ ಕಡೆಯ ಮಗ್ಗುಲು ಕುಸಿಯಿತು. ಗಾಳಿ ಬಳೆಗೆ ಒಂದು ಕಡೆ ಭಾರ ಬಿದ್ದರೆ ತಡೆಯಲು ಏನಿದೆ? ಅಷ್ಟೂ ನೀರು ಎರಡು ಟೆಂಟಿನ ಒಳಗೆ ಹೋಯಿತು. ಅತಿಥಿಗಳ ಹಾಸಿಗೆ, ಬ್ಯಾಗು ಎಲ್ಲ ಒದ್ದೆ. ಹಣ ವಾಪಸು ಕೊಟ್ಟು ಕಳಿಸಿದೆ. ನೀರು ಇಳಿದ ಮೇಲೆ ನೋಡಿದರೆ ಬೇರೆ ಎರಡು ಕಡೆ ಉಳಿದಿದ್ದ ಕೂಳೆ ಟಾರ್ಪಾಲನ್ನೂ ತೂರಿ ಪ್ಲಾಸ್ಟಿಕ್ಕಿಗೆ ಚುಚ್ಚಿತ್ತು.

ಎರಡನೇ ವರ್ಷ ಹದಿನೈದು ಅಡಿ ಅಗಲ, ನಾಲ್ಕು ಅಡಿ ಎತ್ತರದ ಫ್ರೇಮ್ ಪೂಲ್ ತಂದೆ. ಪಂಪು, ಏಣಿ ಸೇರಿ ನಲವತ್ತಾರು ಸಾವಿರ. ಈ ಸಲ ಕಾಫಿ ಒಣಗಿಸುವ ಕಣದ ಮೇಲೆ ನಿಲ್ಲಿಸಿದೆ. ಸಿಮೆಂಟ್ ಅಲ್ಲವೇ, ಕುಸಿಯುವ ಪ್ರಶ್ನೆಯೇ ಇಲ್ಲ ಎಂದುಕೊಂಡೆ. ಆದರೆ ಕಣಕ್ಕೆ ನೀರು ಹರಿಯಲೆಂದು ಕೊಟ್ಟ ಓಟ, ಅಂದರೆ ಇಳಿಜಾರು, ಇರುತ್ತದೆ. ನಮ್ಮದರಲ್ಲಿ ಹದಿನೈದು ಅಡಿಗೆ ನಾಲ್ಕು ಇಂಚು. ಅರ್ಧ ತುಂಬುವಾಗಲೇ ನೀರು ಒಂದು ಕಡೆಗಿಂತ ಇನ್ನೊಂದು ಕಡೆ ನಾಲ್ಕು ಇಂಚು ಕೆಳಗಿತ್ತು, ಕಾಲುಗಳು ನಿಧಾನ ಜಾರುತ್ತಿದ್ದವು. ರೋಬಸ್ಟಾ ಒಣಗಿಸಲು ಕಣ ಬೇಕೆಂದು ದೊಡ್ಡಪ್ಪನೂ ಗಲಾಟೆ ಮಾಡಿದರು. ಅವರದ್ದೂ ತಪ್ಪಲ್ಲ. ಎರಡೇ ವಾರದಲ್ಲಿ ಎತ್ತಿದೆ.

ಮೂರನೇ ವರ್ಷಕ್ಕೆ ಮನೆ ಹಿಂದಿನ ಬಾಣೆಗೆ, ಅಂದರೆ ಗದ್ದೆಗಿಂತ ಮೇಲಿನ ಎತ್ತರದ ಜಾಗಕ್ಕೆ, ಬಂದೆ. ಇಲ್ಲಿ ಮಾಡಿದ್ದೇ ಈಗ ನಿಂತಿರುವುದು. ನಾಲ್ಕು ಜನ, ಐದು ದಿನ, ಪಿಕಾಸಿ ಮತ್ತು ಗುದ್ದಲಿ. ಎತ್ತರದ ಕಡೆ ಕೆತ್ತಿ ತಗ್ಗಿನ ಮಟ್ಟಕ್ಕೆ ತಂದೆವು, ತಗ್ಗಿಗೆ ಒಂದು ಬುಟ್ಟಿ ಮಣ್ಣೂ ಹಾಕಲಿಲ್ಲ. ತುಂಬಿದ ಮಣ್ಣನ್ನು ಎಷ್ಟು ಬಡಿದರೂ ಅದು ಕೂರುತ್ತದೆ. ಹದಿನೈದು ಅಡಿ ಪೂಲಿಗೆ ಹದಿನೆಂಟು ಅಡಿಯ ನೆಲ ಮಾಡಿದೆವು. ನಡುವೆ ಗೂಟ ಹೊಡೆದು, ಮೇಸ್ತ್ರಿಗಳು ನೀರು ತುಂಬಿ ಹಿಡಿಯುವ ಪಾರದರ್ಶಕ ಪೈಪಿನಲ್ಲೇ ಎಂಟು ದಿಕ್ಕಿಗೆ ಮಟ್ಟ ನೋಡಿದೆವು. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಿಡಲಿಲ್ಲ. ಪೂಲ್ ತುಂಬಿದರೆ 16,800 ಲೀಟರ್, ಅಂದರೆ ಹದಿನೇಳು ಟನ್ ಹತ್ತಿರ. ಲೋಡ್ ತುಂಬಿದ ಲಾರಿಯನ್ನು ಮೂರು ತಿಂಗಳು ಒಂದೇ ಕಡೆ ನಿಲ್ಲಿಸಿದಂತೆ. ಅದಕ್ಕೇ ದರೆಯ, ಅಂದರೆ ಕಡಿದಾದ ಮಣ್ಣಿನ ಗೋಡೆಯ, ಅಂಚಿನಿಂದ ಇಪ್ಪತ್ತು ಅಡಿ ಒಳಗೆ ಇಟ್ಟೆ, ಮೇಲಿನ ದರೆಯಿಂದಲೂ ಅಷ್ಟೇ ದೂರ. ಪ್ರತಿ ಕಾಲಿನ ಕೆಳಗೂ ಒಂದಡಿ ಚಪ್ಪಡಿ ಕಲ್ಲು, ಮೇಲ್ಮೈ ನೆಲಕ್ಕೆ ಸರಿಸಮ ಇರುವಂತೆ ಹೂತದ್ದು. ಕೂಲಿ, ಕಲ್ಲು ಸೇರಿ ಹದಿನೈದು ಸಾವಿರ ಆಯಿತು.

ಪೂಲಿನ ಅಡಿಯ ಹಾಸಿಗೆಗೆ ಬಹಳ ಪ್ರಯೋಗ ಮಾಡಿದ್ದೇನೆ. ಮರಳು ಹಾಕಿದರೆ ಮಾರ್ಚ್‌ನ ಒಂದೇ ಮಳೆಗೆ ಅಂಚಿನಿಂದ ಕೊಚ್ಚಿಹೋಗುತ್ತದೆ. ಕಾಫಿ ಸಿಪ್ಪೆ ಪುಕ್ಕಟೆ ಸಿಗುತ್ತದೆ ಎಂದು ಒಂದು ಮೂಲೆಯಲ್ಲಿ ಹಾಕಿ ನೋಡಿದೆ, ಕೊಳೆತು ಬಿಸಿಯಾಗಿ ಗೆದ್ದಲು ಬಂತು. ಕೊನೆಗೆ ಕೈಹಿಡಿದದ್ದು ಹಳೆಯ ಫ್ಲೆಕ್ಸ್ ಬ್ಯಾನರ್. ಮದುವೆ, ಹುಟ್ಟುಹಬ್ಬ, ಚುನಾವಣೆ ಯಾವುದಾದರೂ ಆಗುತ್ತದೆ. ನಾಲ್ಕು ಪದರ ಫ್ಲೆಕ್ಸ್, ಅದರ ಮೇಲೆ ದಪ್ಪ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ. ಫ್ಲೆಕ್ಸಿಗೂ ನೆಲಕ್ಕೂ ನಡುವೆ ಇನ್ನೊಂದು ಪದರ ಇದೆ, ಇಲಿ ಮತ್ತು ಗೆದ್ದಲು ಹತ್ತಿರ ಬಾರದಿರಲು ಅದೇ ಕಾರಣ. ಅದೇನು ಎಂದು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಕಾಫಿ ಕುಡಿದರೆ ತೋರಿಸುತ್ತೇನೆ.

ನೆಲ ಸರಿಯಾದ ಮೇಲೆ ನೀರಿನ ಕಾಟ ಶುರುವಾಯಿತು. ಮೊದಲು ಬೋರ್‌ವೆಲ್ ನೀರು ತುಂಬಿಸಿದೆ, ತಿಳಿಯಾಗಿತ್ತು. ಸಂಜೆ ಬ್ಲೀಚಿಂಗ್ ಪೌಡರ್ ಹಾಕಿದೆ, ಬೆಳಿಗ್ಗೆ ಇಡೀ ಕೊಳ ಚಹಾದ ಬಣ್ಣ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕ್ಲೋರಿನ್ ತಾಗಿದ ಕೂಡಲೇ ಹೀಗಾಗುತ್ತದೆ. ಈಗ ಮೇಲಿನ ಒರತೆಯಿಂದ ಕಪ್ಪು ಪೈಪಿನಲ್ಲಿ ಇಳಿಸುತ್ತೇನೆ, ಮೋಟಾರ್ ಬೇಡ. ನಿಮಿಷಕ್ಕೆ ಹತ್ತು ಲೀಟರ್ ಬಂದರೂ ಒಂದು ಹಗಲು, ಒಂದು ರಾತ್ರಿ, ಮತ್ತೆ ನಾಲ್ಕು ಗಂಟೆಯಲ್ಲಿ ತುಂಬುತ್ತದೆ. ಆದರೆ ನಮ್ಮ ಒರತೆ ನೀರು ತೀರಾ ಮೆದು, ಅದರಲ್ಲಿ ಪಿಎಚ್ (ಹುಳಿ, ಕ್ಷಾರದ ಅಳತೆ) ನಿಲ್ಲುವುದಿಲ್ಲ, ಇವತ್ತು ಮೇಲೆ ನಾಳೆ ಕೆಳಗೆ. ಒಂದೂಮುಕ್ಕಾಲು ಕಿಲೋ ಅಡುಗೆ ಸೋಡಾ ಕರಗಿಸಿ ಹಾಕಿದ ಮೇಲೆ 7.2ರಿಂದ 7.6ರ ಒಳಗೆ ಕೂತಿತು. ಇಷ್ಟು ಸಣ್ಣ ವಿಷಯ ತಿಳಿಯದೆ ಒಂದು ತಿಂಗಳು ಮಕ್ಕಳ ಕಣ್ಣು ಉರಿಸಿದ್ದೇನೆ, ಈಗಲೂ ಬೇಸರವಾಗುತ್ತದೆ.

ಪಾಚಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದ್ದೂ ಆಗಿದೆ. ಗಿಡಗಳ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆಯಲ್ಲಿ ಅದು ಯಾವಾಗಲೂ ಇರುತ್ತದಲ್ಲ. ನೂರು ಗ್ರಾಂ ಕರಗಿಸಿ ಸುರಿದೆ. ಪಾಚಿ ಹೋಯಿತು, ಆದರೆ ತಳದಲ್ಲಿ ನೀಲಿ ಹಸಿರು ಕಲೆ ಉಳಿಯಿತು, ಇವತ್ತಿಗೂ ಹೋಗಿಲ್ಲ. ಯಾರೂ ಆ ದಾರಿ ಹಿಡಿಯಬೇಡಿ. ಕ್ಲೋರಿನ್ ಸರಿಯಾಗಿದ್ದರೆ ಪಾಚಿ ಬರುವುದೇ ಇಲ್ಲ.

ನನ್ನ ಕ್ರಮ ಹೀಗೆ. ಮೊದಲ ಮೂರು ವಾರ ಟಿಸಿಸಿಎ ಎಂಬ ನಿಧಾನ ಕರಗುವ ಕ್ಲೋರಿನ್ ಮಾತ್ರೆ, ತೇಲುವ ಡಬ್ಬಿಯಲ್ಲಿ. ಅದರಿಂದ ನೀರಿಗೆ ಸಯನ್ಯೂರಿಕ್ ಆಮ್ಲ ಸೇರುತ್ತದೆ, ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಅದು ಹಿಡಿದಿಡುತ್ತದೆ. ಆದರೆ ಸೀಸನ್ ಪೂರ್ತಿ ಅದನ್ನೇ ಹಾಕಿದರೆ ಆಮ್ಲ ಏರಿ ಏರಿ ಕ್ಲೋರಿನ್ ಇದ್ದೂ ಇಲ್ಲದಂತಾಗುತ್ತದೆ. ಅದಕ್ಕೆ ಮೂರು ವಾರದ ನಂತರ ಡಬ್ಬಿ ತೆಗೆದು 65 ಪರ್ಸೆಂಟಿನ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ಪುಡಿ. ದಿನಾ ಸೂರ್ಯ ಮುಳುಗಿದ ಮೇಲೆ ಐವತ್ತು ಗ್ರಾಂ, ಜನ ಹೆಚ್ಚಿದ್ದ ಶನಿವಾರ, ಭಾನುವಾರ ಎಂಬತ್ತು. ಬಕೆಟ್ ನೀರಿಗೆ ಪುಡಿ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಈ ಎರಡು ಔಷಧಿಗಳನ್ನು ಒಂದೇ ಬಕೆಟ್ಟಿಗೆ, ಒಂದೇ ಚಮಚಕ್ಕೆ, ಒಂದೇ ಕಪಾಟಿಗೆ ತರಲೇಬೇಡಿ. ಸೇರಿದರೆ ಸಿಡಿಯುತ್ತವೆ. ನಮ್ಮಲ್ಲಿ ಒಂದು ಸ್ಟೋರಿನಲ್ಲಿ, ಇನ್ನೊಂದು ಜೀಪ್ ಶೆಡ್ಡಿನಲ್ಲಿ. ಕೆಲಸದವರ ಕೈಗೆ ಕೊಡುವುದಿಲ್ಲ, ನಾನೇ ಹಾಕುತ್ತೇನೆ. ಬೆಳಿಗ್ಗೆ ಕ್ಲೋರಿನ್ ಅಳೆಯುವ ಹಳದಿ ಹನಿಯ ಕಿಟ್‌ನಲ್ಲಿ ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಂ ಒಳಗೆ ತೋರಿಸಿದರೆ ಮಾತ್ರ ಏಣಿ ಹಾಕುವುದು. ರಾತ್ರಿ ಏಣಿ ನನ್ನ ಮಂಚದ ಕೆಳಗೆ ಇರುತ್ತದೆ. ಪಂಪಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಹಾಕಿಸದೆ ಯಾರನ್ನೂ ನೀರಿಗೆ ಇಳಿಸಬೇಡಿ.

ಪೂಲಿನ ಜೊತೆ ಬಂದ ಫಿಲ್ಟರ್ ನಮ್ಮ ತೋಟಕ್ಕೆ ಸಾಲದು. ಸಿಲ್ವರ್ ಓಕ್ ಎಲೆ, ಹಾಲುವಾಣದ ಕೆಂಪು ಹೂ, ಜನರ ಕಾಲಿನ ಕೆಂಪು ಮಣ್ಣು. ಕಾಗದದ ಕಾರ್ಟ್ರಿಡ್ಜ್ ಎರಡು ದಿನಕ್ಕೆ ಕಟ್ಟಿಕೊಳ್ಳುತ್ತಿತ್ತು, ಒಂದಕ್ಕೆ ಏಳೆಂಟು ನೂರು. ಒಂದು ಸೀಸನ್ನಿನಲ್ಲಿ ಹದಿನಾಲ್ಕು ಎಸೆದ ಮೇಲೆ ಇನ್ನೂರು ಲೀಟರಿನ ನೀಲಿ ಡ್ರಮ್ಮಿನಲ್ಲಿ ಮರಳಿನ ಫಿಲ್ಟರ್ ಮಾಡಿದೆ. ಮೊದಲ ಡ್ರಮ್ಮಿಗೆ ಮುಚ್ಚಳ ಬಿಗಿದು ಪಂಪಿನ ಒತ್ತಡ ಕೊಟ್ಟೆ, ಹೊಟ್ಟೆ ಉಬ್ಬಿ ಸೀಳಿತು. ಈಗ ಡ್ರಮ್ಮನ್ನು ಐದೂವರೆ ಅಡಿ ಸ್ಟ್ಯಾಂಡಿನ ಮೇಲೆ ಬಾಯಿ ತೆರೆದೇ ಇಟ್ಟಿದ್ದೇನೆ. ಪಂಪು ನೀರನ್ನು ಮೇಲಕ್ಕೆ ಎತ್ತುತ್ತದೆ, ಮರಳಿನಲ್ಲಿ ಇಳಿದು ತಾನಾಗಿ ಪೂಲಿಗೆ ಬೀಳುತ್ತದೆ. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಬೇಡ, ಎಷ್ಟು ತೊಳೆದರೂ ಕಲ್ಲಿನ ಪುಡಿ ಬಿಡುತ್ತದೆ. ಫಿಲ್ಟರಿಗೆಂದೇ ಮಾರುವ ಬಿಳಿ ಮರಳು ತರಿಸಿ. ಡ್ರಮ್ಮಿನ ತಳದಲ್ಲಿ ಮರಳು ಜಾರದಂತೆ ಇಟ್ಟದ್ದು ನನ್ನದೇ ಉಪಾಯ, ಎರಡು ತಿಂಗಳ ತಲೆನೋವಿನ ಫಲ, ಅದು ನನ್ನಲ್ಲೇ ಇರಲಿ. ಒಟ್ಟು ಆರೂವರೆ ಸಾವಿರ. ಈ ಬೇಸಿಗೆ ಒಂದೂ ಕಾರ್ಟ್ರಿಡ್ಜ್ ಕೊಂಡಿಲ್ಲ.

ಬಿಸಿಮಾಡುವ ಪ್ರಯತ್ನದ ಬಗ್ಗೆಯೂ ಹೇಳಿಬಿಡುತ್ತೇನೆ, ಬಹಳ ಜನ ಕೇಳುತ್ತಾರೆ. ಜನವರಿ ಕೊನೆಯಲ್ಲಿ ಬೆಳಿಗ್ಗೆ ನೀರಿಗೆ ಕೈ ಹಾಕಲಾಗದು. ಹಂಡೆಯಲ್ಲಿ ಕಾಯಿಸಿ ಸುರಿದು ನೋಡಿದೆ, ಏನೂ ಆಗಲಿಲ್ಲ. ಲೆಕ್ಕ ಹಾಕಿದರೆ ಇಷ್ಟು ನೀರನ್ನು ಒಂದು ಡಿಗ್ರಿ ಏರಿಸಲು ಇಪ್ಪತ್ತು ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಹಳೆಯ ಡ್ರಿಪ್ ಪೈಪ್ ನೂರೈವತ್ತು ಮೀಟರ್ ಶೆಡ್ಡಿನ ತಗಡಿನ ಮೇಲೆ ಸುತ್ತಿ, ಹಗಲು ಅದರೊಳಗೆ ನೀರು ಓಡಿಸಿ, ರಾತ್ರಿ ಪೂಲ್ ಮುಚ್ಚಿದಾಗ ವಾರದಲ್ಲಿ ಮೂರು ಡಿಗ್ರಿ ಬಂತು. ಮುಚ್ಚದಿದ್ದರೆ ಹಗಲು ಗಳಿಸಿದ್ದು ರಾತ್ರಿಯೇ ಹೋಗುತ್ತದೆ. ಮುಚ್ಚಿಗೆ ಹಾಕಿದರೆ ಎಲೆಯೂ ಬೀಳದು. ಈಗ ಪೈಪ್ ತೆಗೆದಿದ್ದೇನೆ, ಮುಚ್ಚಿಗೆ ಮಾತ್ರ ಉಳಿಸಿದ್ದೇನೆ.

ಕಾಫಿ ಹೂ ಬಿಡುವ ವಾರ ಜೇನ್ನೊಣ ಬರುತ್ತವೆ. ಹೆಜ್ಜೇನು ಪೂಲಿನ ಅಂಚಿನಲ್ಲಿ ಸಾಲಾಗಿ ಕೂತು ನೀರು ಹೀರುವಾಗ ಮಕ್ಕಳು ಇಳಿಯುವುದು ಹೇಗೆ? ನೂರು ಅಡಿ ದೂರದಲ್ಲಿ ಅಗಲ ಬಾಣಲೆಯಲ್ಲಿ ನೀರಿಟ್ಟು ಒದ್ದೆ ಗೋಣಿ ಹಾಕಿದೆ, ಹೂ ಬಿಡುವ ನಾಲ್ಕು ದಿನ ಮುಂಚೆಯೇ. ಒಮ್ಮೆ ಅಲ್ಲಿ ರೂಢಿಯಾದರೆ ಪೂಲಿಗೆ ಬರುವುದು ಬಹಳ ಕಡಿಮೆ. ಕಪ್ಪೆ ಬಿದ್ದರೆ ಹತ್ತಿ ಹೋಗಲು ತೆಂಗಿನ ಹಗ್ಗ ಇಳಿಬಿಟ್ಟಿರುತ್ತೇನೆ. ಆನೆ ನಮ್ಮ ಕೆಳಗಿನ ಕೆರೆಗೆ ಬರುತ್ತದೆ, ಪೂಲಿನ ಹತ್ತಿರ ಈವರೆಗೆ ಬಂದಿಲ್ಲ. ಹಣ್ಣಿನ ವಾಸನೆಗೆ ಅದು ಬಾರದಿರಲೆಂದು ಟೆಂಟಿನ ಸುತ್ತಲಿನ ಹಲಸಿನ ಕಾಯಿಗಳನ್ನು ಎಳೆಯದಾಗಿರುವಾಗಲೇ ಇಳಿಸಿಬಿಡುತ್ತೇವೆ.

ಇನ್ನು ದೊಡ್ಡಪ್ಪನ ಮಾತು. "ಕಾಫಿ ಹೂವಿಗೆ ಹೊಡೆಯೋಕೆ ನೀರಿಲ್ಲ, ನೀನು ಜನ ಮುಳುಗೋಕೆ ನೀರು ತುಂಬಿಸ್ತೀಯಲ್ಲ ಮಗ" ಅಂತ ವರ್ಷಾ ವರ್ಷಾ ಬೈಯುತ್ತಿದ್ದರು. ಒಂದು ದಿನ ಕೂರಿಸಿ ಲೆಕ್ಕ ತೋರಿಸಿದೆ. ಒಂದು ಎಕರೆ ಕಾಫಿಗೆ ಒಂದು ಇಂಚು ನೀರು ಕೊಡಬೇಕೆಂದರೆ ಒಂದು ಲಕ್ಷ ಲೀಟರಿಗೆ ಮೇಲೆ ಬೇಕು. ಪೂಲಿನದು ಅದರ ಆರನೇ ಒಂದು ಭಾಗ. ಆವಿಯಾಗಿ ಹೋಗುವುದು ದಿನಕ್ಕೆ ಎಪ್ಪತ್ತೆಂಬತ್ತು ಲೀಟರ್, ಮಕ್ಕಳು ಚಿಮ್ಮಿಸುವುದು ಬೇರೆ. ಅದೂ ಕೊನೆಗೆ ತೋಟಕ್ಕೇ ಹೋಗುತ್ತದೆ. ಕ್ಲೋರಿನ್ ನಿಲ್ಲಿಸಿ ಐದು ದಿನ ಬಿಸಿಲಿಗೆ ಬಿಟ್ಟು, ಹನಿ ಹಾಕಿದಾಗ ಹಳದಿ ಬಣ್ಣ ಬಾರದಿದ್ದರೆ ಮಾತ್ರ ಪೈಪ್ ಹಾಕಿ ಎಳೆ ಗಿಡಗಳಿಗೆ ಬಿಡುತ್ತೇನೆ, ತೋಡಿಗೆ ಒಂದು ಹನಿಯೂ ಬಿಡುವುದಿಲ್ಲ. ಈ ಸಲ ಪೈಪ್ ಹಿಡಿದು ಗಿಡದಿಂದ ಗಿಡಕ್ಕೆ ನಡೆದವರು ದೊಡ್ಡಪ್ಪನೇ.

ನಾಲ್ಕು ವರ್ಷದಲ್ಲಿ ಒಟ್ಟು ಲಕ್ಷದ ಹತ್ತಿರ ಹೋಗಿದೆ, ಅದರಲ್ಲಿ ಮೂವತ್ತು ಸಾವಿರವಾದರೂ ತಪ್ಪು ಪ್ರಯೋಗಕ್ಕೆ. ತಲೆಗೆ ಮುನ್ನೂರು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತೇನೆ. ಕಳೆದ ಬೇಸಿಗೆ ಮುಗಿಯುವಷ್ಟರಲ್ಲೇ ಹಾಕಿದ್ದು ಹೆಚ್ಚುಕಡಿಮೆ ಬಂದಿತ್ತು, ಈ ವರ್ಷದ್ದು ಲಾಭ. ಏಪ್ರಿಲ್‌ನಲ್ಲಿ ಒಂದು ಶನಿವಾರವೂ ಟೆಂಟ್ ಖಾಲಿ ಇರಲಿಲ್ಲ.

ಎತ್ತಿಡುವುದರಲ್ಲಿ ಅವಸರ ಬೇಡ. ಮೊದಲ ಪೂಲನ್ನು ಅಡಿಗೆಮನೆ ಅಟ್ಟದಲ್ಲಿಟ್ಟೆ, ಬೆಚ್ಚಗಿರುತ್ತದೆ, ಬೂಸ್ಟು ಬಾರದು ಎಂದು. ಹೊಗೆಯ ಕಾವಿಗೆ ಪ್ಲಾಸ್ಟಿಕ್ ಬಿರುಸಾಗಿ ಮಡಿಕೆಯಲ್ಲೇ ಸೀಳಿತು. ಈಗ ಕಣದ ಮೇಲೆ ಎರಡು ಬಿಸಿಲು ಒಣಗಿಸಿ, ಮಡಿಕೆ ಮಡಿಕೆಗೂ ಟಾಲ್ಕಂ ಪೌಡರ್ ಉದುರಿಸಿ, ಮುಚ್ಚಳದ ಡ್ರಮ್ಮಿನಲ್ಲಿ ಇಡುತ್ತೇನೆ, ಇಲಿ ಮುಟ್ಟಲಾಗದು. ಪಂಪಿನ ರಬ್ಬರ್ ವಾಷರುಗಳಿಗೆ ವ್ಯಾಸಲೀನ್ ಹಚ್ಚಿ ಬೇರೆ ಡಬ್ಬಿಗೆ. ಖಾಲಿಯಾದ ನೆಲದ ಮೇಲೆ ಫ್ಲೆಕ್ಸ್ ಹಾಗೇ ಬಿಟ್ಟು, ಸುತ್ತಲೂ ಚರಂಡಿ ತೆಗೆದು, ನೀರು ಕೆಳಗಿನ ತೊಟ್ಟಿಲು ಗುಂಡಿಗಳಿಗೆ (ಮಳೆನೀರು ಇಂಗಲು ಕಾಫಿ ಸಾಲಿನ ನಡುವೆ ತೆಗೆದ ಗುಂಡಿಗಳಿಗೆ) ಇಳಿಯುವಂತೆ ಮಾಡಿದ್ದೇನೆ. ಎರಡು ಚಪ್ಪಡಿ ಕಾಲು ಇಂಚು ಕೂತಿವೆ. ಅವನ್ನು ಜನವರಿಯಲ್ಲಿ ಎತ್ತಿ ಮತ್ತೆ ಮಟ್ಟ ಹಿಡಿಯಬೇಕು.