ಎಸ್‌ಸಿಪಿ: ದೊಡ್ಡ ಪಿ, ಸಣ್ಣ ಪಿ ಮತ್ತು ಒಂದು ಕೋಲನ್

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೆಟ್‌ವರ್ಕ್ ಮೂಲಕ ಫೈಲ್ ನಕಲಿಸುವ ಕಮಾಂಡ್ ಎಸ್‌ಸಿಪಿ (scp). ಅದರಲ್ಲಿ ಮೊದಲು ಆಪ್ಷನ್‌ಗಳು (ಹೈಫನ್ ಹಾಕಿ ಬರೆಯುವ ಇಂಗ್ಲಿಷ್ ಅಕ್ಷರಗಳು: ದೊಡ್ಡ ಪಿ ಎಂದರೆ -P, ಸಣ್ಣ ಪಿ ಎಂದರೆ -p), ಆಮೇಲೆ ಎಲ್ಲಿಂದ, ಕೊನೆಗೆ ಎಲ್ಲಿಗೆ. ಇನ್ನೊಂದು ಕಂಪ್ಯೂಟರಿನ ವಿಳಾಸವನ್ನು ಯೂಸರ್ ಹೆಸರು, @, ಹೋಸ್ಟ್ ಹೆಸರು, ಕೋಲನ್, ಪಾತ್ ಎಂಬ ಕ್ರಮದಲ್ಲಿ ನಡುವೆ ಸ್ಪೇಸ್ ಬಿಡದೆ ಬರೆಯಬೇಕು. ಒಂದು ಫೈಲ್ ಕಳಿಸುವಾಗ ಕೋಲನ್ ಮರೆತರೆ ಎರರ್ ಕೂಡ ಬರುವುದಿಲ್ಲ. ನಿಮ್ಮದೇ ಫೋಲ್ಡರಿನಲ್ಲಿ ಆ ವಿಳಾಸದ ಹೆಸರು ಹೊತ್ತ ಫೈಲೊಂದು ತಣ್ಣಗೆ ಕೂತಿರುತ್ತದೆ. ಕಳಿಸಿದ್ದು ಸರ್ವರಿನಲ್ಲಿ ಕಾಣದಿದ್ದರೆ ಮೊದಲು ಇಲ್ಲೇ ಹುಡುಕಿ. ಉಲ್ಟಾ ತೊಂದರೆಯೂ ಉಂಟು: ಲಾಗ್ ಫೈಲಿನ ಹೆಸರಿನಲ್ಲಿ 10:30 ಎಂದು ಸಮಯ ಸೇರಿದ್ದರೆ, ಕೋಲನ್‌ಗೆ ಮುಂಚಿನದ್ದನ್ನೆಲ್ಲ ಎಸ್‌ಸಿಪಿ ಹೋಸ್ಟ್ ಎಂದೇ ಓದುತ್ತದೆ. ಹೆಸರಿನ ಮುಂದೆ ./ ಹಾಕಿದರೆ ಆಯಿತು.

ಸರ್ವರ್ ಸಂಪರ್ಕ ಸ್ವೀಕರಿಸುವ ಪೋರ್ಟ್ ಸಂಖ್ಯೆ 22 ಅಲ್ಲದಿದ್ದರೆ ದೊಡ್ಡ ಪಿ ಕೊಟ್ಟು ಆ ಸಂಖ್ಯೆ ಬರೆಯಬೇಕು. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ (ssh) ಕಮಾಂಡ್‌ನಲ್ಲಿ ಇದೇ ಕೆಲಸಕ್ಕೆ ಸಣ್ಣ ಪಿ ಇರುವುದರಿಂದ ಕೈ ಅಭ್ಯಾಸಬಲದಿಂದ ತಪ್ಪುತ್ತದೆ. ಎಸ್‌ಸಿಪಿಯಲ್ಲಿ ಸಣ್ಣ ಪಿ ಇರುವುದು ಫೈಲಿನ ಸಮಯ, ಪರ್ಮಿಷನ್ ಉಳಿಸಿಕೊಳ್ಳಲು. ಅದರ ಪಕ್ಕ ಪೋರ್ಟ್ ಸಂಖ್ಯೆಯೆಂದು 2222 ಬರೆದರೆ 2222 ಎಂಬ ಫೈಲೇ ಇಲ್ಲವೆಂದು ದೂರುತ್ತದೆ.

ಇಡೀ ಫೋಲ್ಡರಿಗೆ ಸಣ್ಣ ಆರ್. ಆದರೆ ಅದು ಸಿಂಬಾಲಿಕ್ ಲಿಂಕನ್ನು (ಬೇರೆಡೆ ಇರುವ ಫೈಲಿಗೆ ಬೆರಳು ತೋರುವ ಕೊಂಡಿ) ಲಿಂಕ್ ಆಗಿ ಒಯ್ಯದೆ, ಲಿಂಕ್ ತೋರಿಸುವ ಅಸಲಿ ಫೈಲನ್ನೇ ಹೊತ್ತೊಯ್ಯುತ್ತದೆ. ಗಾತ್ರ ಏಕಾಏಕಿ ಉಬ್ಬಿದರೆ ಕಾರಣ ಬಹುಶಃ ಇದೇ. ದೊಡ್ಡ ಸಿ ಕಂಪ್ರೆಷನ್‌ಗೆ: ನಿಧಾನ ಲೈನಿನಲ್ಲಿ ಟೆಕ್ಸ್ಟ್ ಕಳಿಸುವಾಗ ಲಾಭ, ಜಿಪ್ ಅಥವಾ ವಿಡಿಯೋಗೆ ದಂಡ. ವೇಗಕ್ಕೆ ಕಡಿವಾಣ ಹಾಕುವ ಸಣ್ಣ ಎಲ್ ಲೆಕ್ಕ ಹಿಡಿಯುವುದು ಕಿಲೋಬಿಟ್‌ನಲ್ಲಿ; ಸೆಕೆಂಡಿಗೆ ಒಂದು ಮೆಗಾಬೈಟ್ ಬೇಕೆಂದರೆ 8000 ಕೊಡಿ.

ಎಸ್‌ಎಸ್‌ಎಚ್, ಎಸ್‌ಸಿಪಿಗಳನ್ನು ಒಳಗೊಂಡ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಚ್; 2022ರಲ್ಲಿ ಬಂದ ಅದರ 9.0 ಆವೃತ್ತಿಯಿಂದ ಎಸ್‌ಸಿಪಿ ಒಳಗೊಳಗೆ ಎಸ್‌ಎಫ್‌ಟಿಪಿ ಎಂಬ ಇನ್ನೊಂದು ಫೈಲ್ ವರ್ಗಾವಣೆ ವಿಧಾನ ಬಳಸುತ್ತದೆ. ಎಸ್‌ಎಫ್‌ಟಿಪಿ ಇಲ್ಲದ ಹಳೆಯ ರೌಟರಿಗೆ ಕಳಿಸಿದರೆ ಲಾಗಿನ್ ಸರಿಯಾಗಿ ಆಗಿಯೂ ಸಂಪರ್ಕ ಕಡಿದುಹೋಗುತ್ತದೆ. ದೊಡ್ಡ ಓ (ಸೊನ್ನೆ ಅಲ್ಲ) ಸೇರಿಸಿದರೆ ಹಳೆಯ ವಿಧಾನಕ್ಕೆ ಮರಳುತ್ತದೆ.

ಅರ್ಧಕ್ಕೆ ನಿಂತ ದೊಡ್ಡ ಫೈಲನ್ನು ಎಸ್‌ಸಿಪಿ ಮುಂದುವರಿಸದು, ಮೊದಲಿಂದ ಶುರು. ಅಂಥಲ್ಲಿ ಫೈಲ್ ನಕಲಿಸುವ ಇನ್ನೊಂದು ಕಮಾಂಡ್ ಆರ್‌ಸಿಂಕ್ (rsync) ವಾಸಿ, ಎರಡೂ ಕಡೆ ಅದು ಇರಬೇಕು ಅಷ್ಟೆ. ಸಣ್ಣ ಎ ಜೊತೆ ದೊಡ್ಡ ಪಿ ಕೊಡಿ. ಇಲ್ಲಿ ದೊಡ್ಡ ಪಿ ಪೋರ್ಟ್ ಅಲ್ಲ: ಅರ್ಧ ಬಂದ ಫೈಲ್ ಉಳಿಸಿಕೊಂಡು, ಎಷ್ಟಾಯಿತೆಂದು ತೋರಿಸುತ್ತದೆ. ಪೋರ್ಟ್ ಬೇಕಿದ್ದರೆ ಸಣ್ಣ ಇ ಕೊಟ್ಟು, ಕೊಟೇಷನ್ ಒಳಗೆ ಎಸ್‌ಎಸ್‌ಎಚ್, ಸಣ್ಣ ಪಿ, ಪೋರ್ಟ್ ಸಂಖ್ಯೆ ಬರೆಯಿರಿ. ಮೂಲ ಫೋಲ್ಡರಿನ ಕೊನೆಗೆ ಸ್ಲ್ಯಾಶ್ ಇದ್ದರೆ ಒಳಗಿರುವುದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ. ಮೂಲದಲ್ಲಿ ಇಲ್ಲದ್ದನ್ನು ತಲುಪುವ ಕಡೆಯಿಂದ ಅಳಿಸುವ ಡಿಲೀಟ್ (--delete) ಆಪ್ಷನ್ ಬಳಸುವಾಗ ಈ ಒಂದು ಸ್ಲ್ಯಾಶ್ ತಪ್ಪಾದ ಜಾಗದಲ್ಲಿ ಗುಡಿಸಿಬಿಡಬಹುದು. ಮೊದಲ ಸಲ ಸಣ್ಣ ಎನ್, ಸಣ್ಣ ವಿ ಸೇರಿಸಿ ಓಡಿಸಿದರೆ ಯಾವುದನ್ನೂ ಮುಟ್ಟದೆ ಅಳಿಸಲಿರುವ ಫೈಲ್‌ಗಳ ಪಟ್ಟಿ ಕೊಡುತ್ತದೆ.