ಸಕ್ಕರೆ ತಗ್ಗಿಸಿದರೂ ರುಚಿ ತಗ್ಗದ ಸೇಬಿನ ಕ್ರಂಬಲ್

ಅಪ್ಪನಿಗೆ ರಾತ್ರಿ ಊಟ ಆದ ಮೇಲೆ ಏನಾದರೂ ಒಂದು ಸಿಹಿ ಬೇಕೇ ಬೇಕು. ತೂಕ ಇಳಿಸಬೇಕು ಅಂತ ಅವರೇ ಹೊರಟಾಗ ಬಿಡಲು ಆಗದೆ ಉಳಿದದ್ದು ಇದೊಂದೇ. ಬಿಡಿಸುವುದು ಬೇಡ, ಹಗುರ ಮಾಡೋಣ ಅಂತ ನಾನು ಸೇಬಿನ ಕ್ರಂಬಲ್ ಹಿಡಿದುಕೊಂಡೆ. ಕೆಳಗೆ ಬೆಂದ ಹಣ್ಣು, ಮೇಲೆ ಗರಿಗರಿ ಪುಡಿ, ಕ್ರಂಬಲ್ ಅಂದರೆ ಇಷ್ಟೇ.

ಮೊದಲ ಸಲ ಸಕ್ಕರೆ, ಬೆಣ್ಣೆ ಎರಡನ್ನೂ ಪೂರ್ತಿ ತೆಗೆದುಬಿಟ್ಟೆ. ಅಪ್ಪ ಎರಡು ಚಮಚ ತಿಂದು, "ಮೇಲೆ ಹೊಟ್ಟು, ಕೆಳಗೆ ನೀರು, ಅಲ್ವೇನಮ್ಮಾ?" ಅಂದರು. ಸರಿಯಾಗಿಯೇ ಹೇಳಿದ್ದರು.

ಆಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. 750 ಗ್ರಾಂ ಸೇಬಿಗೆ ಹೆಚ್ಚುಕಡಿಮೆ 390 ಕ್ಯಾಲೊರಿ. ನನ್ನ ಹಳೆಯ ಅಳತೆಯಲ್ಲಿ ಅದರ ಜೊತೆ 200 ಗ್ರಾಂ ಸಕ್ಕರೆ, 100 ಗ್ರಾಂ ಬೆಣ್ಣೆ, 150 ಗ್ರಾಂ ಮೈದಾ ಬೀಳುತ್ತಿತ್ತು. ಸಕ್ಕರೆಯದ್ದು 770 ದಾಟುತ್ತದೆ, ಬೆಣ್ಣೆಯದ್ದು 700 ದಾಟುತ್ತದೆ, ಮೈದಾದ್ದು 540ರ ಹತ್ತಿರ. ಆರು ಜನಕ್ಕೆ ಹಂಚಿದರೂ ಒಬ್ಬೊಬ್ಬರಿಗೆ 400! ಅದರಲ್ಲಿ ಹಣ್ಣಿನ ಪಾಲು ಆರರಲ್ಲಿ ಒಂದಷ್ಟೇ. ಹಾಗಾಗಿ ಹಣ್ಣನ್ನು ಹಾಗೇ ಬಿಟ್ಟು ಉಳಿದದ್ದಕ್ಕೆ ಕೈ ಹಾಕಿದೆ. ಈಗ ಮಾಡುವ ಕ್ರಂಬಲ್ ಒಬ್ಬರ ಪಾಲಿಗೆ ಸುಮಾರು 175 ಕ್ಯಾಲೊರಿ ಬರುತ್ತದೆ.

ಬೇಕಾದದ್ದು ಬೀಜದ ಭಾಗ ತೆಗೆದ 750 ಗ್ರಾಂ ಸೇಬು, ಅಂದರೆ ಮಧ್ಯಮ ಗಾತ್ರದ ಐದು ಹಣ್ಣು. 60 ಗ್ರಾಂ ಓಟ್ಸ್, ತರಿತರಿಯಾಗಿ ಕುಟ್ಟಿದ 20 ಗ್ರಾಂ ಬಾದಾಮಿ, 25 ಗ್ರಾಂ ಬೆಣ್ಣೆ, 30 ಗ್ರಾಂ ಸಕ್ಕರೆ. ಒಂದು ಟೀ ಚಮಚ ಕಾರ್ನ್‌ಫ್ಲೋರ್, ಅರ್ಧ ನಿಂಬೆಹಣ್ಣಿನ ರಸ, ಒಂದು ಟೀ ಚಮಚ ಚಕ್ಕೆ ಪುಡಿ, ಒಂದು ಚಿಟಿಕೆ ಉಪ್ಪು. ಮೈದಾ ಬೇಡವೇ ಬೇಡ.

ಸಕ್ಕರೆ ಬದಲು ಜೇನುತುಪ್ಪ ಹಾಕಿದರೆ ಹಗುರವಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಒಂದು ದೊಡ್ಡ ಚಮಚ ಸಕ್ಕರೆಗೆ 50 ಕ್ಯಾಲೊರಿ ಆದರೆ, ಅದೇ ಚಮಚ ಜೇನಿಗೆ 64. ಜೇನು ಗಟ್ಟಿ, ಚಮಚದಲ್ಲಿ ತೂಕ ಜಾಸ್ತಿ ಕೂರುತ್ತದೆ. ಕಂದು ಸಕ್ಕರೆಯೂ ಬಿಳಿಯದಕ್ಕಿಂತ ಹಗುರವೇನಲ್ಲ. ಅದರ ಪರಿಮಳ ಇಷ್ಟ ಅಂತ ಮಾತ್ರ ನಾನು ಹಾಕುತ್ತೇನೆ.

ಇಷ್ಟು ಕಡಿಮೆ ಸಕ್ಕರೆಯಲ್ಲಿ ಸಿಹಿ ಬರಬೇಕಾದರೆ ಹಣ್ಣು ಚೆನ್ನಾಗಿರಬೇಕು. ಫುಜಿ, ಗಾಲಾ ಥರದ ಸಿಹಿ ಸೇಬು ಮೂರು ಭಾಗ, ಗ್ರ್ಯಾನಿ ಸ್ಮಿತ್‌ನಂಥ ಹುಳಿ ಸೇಬು ಒಂದು ಭಾಗ ಹಾಕಿ. ಬರೀ ಹುಳಿ ಸೇಬಾದರೆ ಸಕ್ಕರೆ ಕೇಳುತ್ತದೆ, ಬರೀ ಸಿಹಿಯಾದರೆ ಸಪ್ಪೆ ಅನ್ನಿಸುತ್ತದೆ. ರೆಡ್ ಡೆಲಿಶಿಯಸ್ ಬೇಡ, ಓವನ್‌ನಲ್ಲಿ ಮುದ್ದೆಯಾಗುತ್ತದೆ. ಒಂದೆರಡು ಸೇಬಿನ ಬದಲು ಗಟ್ಟಿ ಪೇರ್ ಹಣ್ಣು ಹಾಕಿದರೂ ಚೆನ್ನ. ಸಿಪ್ಪೆ ತೆಗೆಯಬೇಡಿ. ನಾರು ಜಾಸ್ತಿ ಇರುವುದೂ ಬಣ್ಣ ಬಿಡುವುದೂ ಅದೇ.

ಹಣ್ಣನ್ನು ಒಂದು ಸೆಂಟಿಮೀಟರ್ ದಪ್ಪದ ಹೋಳು ಮಾಡಿ. ತೆಳ್ಳಗೆ ಹೆಚ್ಚಿದರೆ ಕರಗಿಹೋಗುತ್ತದೆ. ನಿಂಬೆ ರಸ, ಅರ್ಧ ಚಕ್ಕೆ ಪುಡಿ, 10 ಗ್ರಾಂ ಸಕ್ಕರೆ ಹಾಕಿ ಕಲಸಿ 10 ನಿಮಿಷ ಬಿಡಿ. ನಿಂಬೆ ರಸ ಸೇಬನ್ನು ಕಪ್ಪಾಗಲು ಬಿಡುವುದಿಲ್ಲ, ಸಕ್ಕರೆ ರಸ ಎಳೆಯುತ್ತದೆ. ತಳದಲ್ಲಿ ನಿಂತ ರಸದಿಂದ ಒಂದು ದೊಡ್ಡ ಚಮಚ ತೆಗೆದಿಡಿ, ಆಮೇಲೆ ಬೇಕು. ಅಷ್ಟು ಆದ ಮೇಲೆ ಕಾರ್ನ್‌ಫ್ಲೋರ್ ಬೆರೆಸಿ.

ಇನ್ನು ನಾನು ಕಷ್ಟಪಟ್ಟು ಕಲಿತ ಮಾತು. ಸೇಬಿನ ತೂಕದಲ್ಲಿ ನೂರಕ್ಕೆ 85 ಭಾಗ ನೀರೇ. ಹಣ್ಣು, ಪುಡಿ ಎರಡನ್ನೂ ಒಟ್ಟಿಗೆ ಓವನ್‌ಗೆ ಇಟ್ಟರೆ ಹಣ್ಣಿನ ಹಬೆ ಪುಡಿಯನ್ನು ನೆನೆಸಿಬಿಡುತ್ತದೆ. ಬೆಣ್ಣೆ ಜಾಸ್ತಿ ಇದ್ದಾಗ ಅದು ಹೇಗೋ ತಡೆದುಕೊಳ್ಳುತ್ತದೆ, ಕಡಿಮೆ ಇದ್ದಾಗ ಸೋಲುತ್ತದೆ. ಅದಕ್ಕೇ ಹಣ್ಣನ್ನು ಮೊದಲು ಒಂಟಿಯಾಗಿ ಬೇಯಿಸಬೇಕು. ಓವನ್ ಅಥವಾ ಒಟಿಜಿಯನ್ನು (ಮೇಜಿನ ಮೇಲಿಡುವ ಚಿಕ್ಕ ಓವನ್) 180 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು 15 ನಿಮಿಷ ಮೊದಲೇ ಕಾಯಿಸಿಕೊಳ್ಳಿ. ಹಣ್ಣನ್ನು ಅಗಲವಾದ, ಆಳ ಕಡಿಮೆ ಇರುವ ಪಾತ್ರೆಯಲ್ಲಿ ಹರಡಿ, ಮುಚ್ಚದೆ 20 ನಿಮಿಷ ಇಡಿ. ನೀರು ಆರುತ್ತದೆ, ಸಿಹಿ ಗಟ್ಟಿಯಾಗುತ್ತದೆ. ಹೊರಗಿನಿಂದ ಹಾಕುವ ಸಕ್ಕರೆ ಉಳಿಯುವುದು ಇಲ್ಲೇ.

ಅಷ್ಟರಲ್ಲಿ ಪುಡಿ ಮಾಡಿಕೊಳ್ಳಿ. ಮಾಮೂಲಿ ಕ್ರಂಬಲ್‌ನಲ್ಲಿ ತಣ್ಣನೆ ಬೆಣ್ಣೆಯನ್ನು ಮೈದಾಗೆ ತಿಕ್ಕುತ್ತಾರೆ. 25 ಗ್ರಾಂನಲ್ಲಿ ಅದು ಆಗದ ಮಾತು, ಒಂದು ಕಡೆ ಅಂಟಿ ಇನ್ನೊಂದು ಕಡೆ ಒಣಗಿರುತ್ತದೆ. ಬೆಣ್ಣೆ ಕರಗಿಸಿ, ತೆಗೆದಿಟ್ಟ ರಸಕ್ಕೆ ಬೆರೆಸಿ, ಓಟ್ಸ್, ಬಾದಾಮಿ, ಉಳಿದ ಸಕ್ಕರೆ, ಚಕ್ಕೆ, ಉಪ್ಪಿನ ಮೇಲೆ ಸುರಿದು ಬೆರಳಿಂದ ಕಲಸಿ. ಒಂದೊಂದು ಓಟ್ಸ್ ಚೂರಿಗೂ ಪಸೆ ತಾಗಬೇಕು. ಸಣ್ಣ ಸಣ್ಣ ಉಂಡೆ ಆಗಿದ್ದರೆ ಹಾಗೇ ಬಿಡಿ, ಗರಿ ಬರುವುದು ಅಲ್ಲೇ. ಉಪ್ಪು ಮರೆಯಬೇಡಿ. ಸಕ್ಕರೆ ಕಡಿಮೆ ಇದ್ದಷ್ಟೂ ಆ ಚಿಟಿಕೆಯ ಬೆಲೆ ಗೊತ್ತಾಗುತ್ತದೆ.

ಹಣ್ಣಿನ ಪಾತ್ರೆ ಹೊರಗೆ ತೆಗೆದು, ಒಮ್ಮೆ ಮಗುಚಿ, ಮೇಲೆ ಪುಡಿ ಉದುರಿಸಿ. ಒತ್ತಬೇಡಿ. ಹಬೆ ಹೋಗಲು ದಾರಿ ಬೇಕಲ್ವಾ? ಮತ್ತೆ 20ರಿಂದ 25 ನಿಮಿಷ ಬೇಕ್ ಮಾಡಿ. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ರಸ ಕೊತಕೊತ ಕುದಿಯಬೇಕು. ಕುದಿ ಬರದಿದ್ದರೆ ಕಾರ್ನ್‌ಫ್ಲೋರ್ ಬೆಂದಿಲ್ಲ, ರಸ ನೀರಾಗಿಯೇ ಇರುತ್ತದೆ. ಬಣ್ಣ ಬೇಗ ಬಂತು, ಕುದಿ ಬಂದಿಲ್ಲ ಅಂದರೆ ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿ ಇನ್ನಷ್ಟು ಹೊತ್ತು ಬಿಡಿ. ಒಳಗೆ ಫ್ಯಾನ್ ಇರುವ ಓವನ್ ಆದರೆ 160 ಡಿಗ್ರಿ ಸಾಕು. ಮೈಕ್ರೋವೇವ್‌ನಲ್ಲಿ ಮಾಡುವವರು ಕನ್ವೆಕ್ಷನ್ ಮೋಡ್‌ನಲ್ಲೇ ಮಾಡಿ, ಬರೀ ಮೈಕ್ರೋವೇವ್ ಬಿಸಿಗೆ ಗರಿ ಬರುವುದಿಲ್ಲ.

ತೆಗೆದ ಕೂಡಲೇ ಬಡಿಸಬೇಡಿ. 15 ನಿಮಿಷ ಬಿಟ್ಟರೆ ರಸ ಗಟ್ಟಿಯಾಗಿ ಹಣ್ಣಿಗೆ ಹತ್ತಿಕೊಳ್ಳುತ್ತದೆ. ಹಾಗಂತ ಪೂರ್ತಿ ತಣ್ಣಗೂ ಮಾಡಬೇಡಿ. ಬೆಚ್ಚಗಿದ್ದಾಗ ನಾಲಿಗೆಗೆ ಸಿಹಿ ಹೆಚ್ಚು ತಿಳಿಯುತ್ತದೆ, ಫ್ರಿಜ್‌ನಿಂದ ತೆಗೆದು ತಿಂದರೆ ಅದೇ ಕ್ರಂಬಲ್ ಸಪ್ಪೆ ಅನ್ನಿಸುತ್ತದೆ. ಐಸ್‌ಕ್ರೀಮ್ ಜಾಗದಲ್ಲಿ ಎರಡು ಚಮಚ ಹುಳಿಯಿಲ್ಲದ ಗಟ್ಟಿ ಮೊಸರು ಹಾಕಿಕೊಡಿ. ಅಪ್ಪ ಈಗ ಮೊಸರಿಲ್ಲದೆ ಬಟ್ಟಲು ಮುಟ್ಟುವುದಿಲ್ಲ.

ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ತಿನ್ನುವ ಮುಂಚೆ 160 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಗರಿ ವಾಪಸ್ ಬರುತ್ತದೆ. ನಾನು ಪುಡಿಯನ್ನು ಎರಡು ಸಲಕ್ಕಾಗುವಷ್ಟು ಮಾಡಿ, ಅರ್ಧವನ್ನು ಬೇಯಿಸದೆ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ಗೆ ಸೇರಿಸುತ್ತೇನೆ. ಮುಂದಿನ ವಾರ ಹಣ್ಣು ಹೆಚ್ಚುವುದಷ್ಟೇ ಕೆಲಸ.